ಪಾಠವನ್ನು ಕೆರೆ ಏರಿಗೆ ಒಯ್ದರೆ ಲಾಭ ಏನು ಅಂತ ಹೆಡ್‌ಮಾಸ್ಟರ್ ಕೇಳುತ್ತಿದ್ದಾರೆ. ಹೇಗೆ ತೋರಿಸಲಿ?

ಹೊಂಗೆ ನೆರಳು (ತುಮಕೂರು ಜಿಲ್ಲೆ) – ಜೂನ್ ಕೊನೆ ವಾರ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಆರು, ಏಳನೇ ಕ್ಲಾಸಿನ ಗಣಿತ, ವಿಜ್ಞಾನ ನನ್ನದು. ಎರಡೂ ಸೇರಿ 31 ಮಕ್ಕಳು. ಶಾಲೆ ಹಿಂದೆ ಐದು ನಿಮಿಷ ನಡೆದರೆ ಊರ ಕೆರೆ. ಏರಿ ಮೇಲೆ ಸಾಲಾಗಿ ಹೊಂಗೆ ಮರ.

ಈ ತಿಂಗಳು ಎರಡು ಸಲ ಪಾಠವನ್ನು ಅಲ್ಲೇ ಮಾಡಿದೆ. ಒಮ್ಮೆ ಎಲೆಗಳ ಬಗ್ಗೆ, ಇನ್ನೊಮ್ಮೆ ಅಳತೆ. ಮಕ್ಕಳು ಖುಷಿಯಾಗಿದ್ದರು. ನನ್ನ ಗಂಟಲೂ ಕಟ್ಟಲಿಲ್ಲ. ಆದರೆ ಎರಡನೇ ಸಲ ನಾವು ಏರಿ ಮೇಲಿದ್ದಾಗಲೇ ಸಿಆರ್‌ಪಿ (ಸುತ್ತಲಿನ ಶಾಲೆಗಳ ಗುಂಪು, ಅಂದರೆ ಕ್ಲಸ್ಟರ್, ನೋಡಿಕೊಳ್ಳೋರು) ಶಾಲೆಗೆ ಬಂದರು. ನೋಡಿದರೆ ಕ್ಲಾಸ್ ರೂಮ್ ಖಾಲಿ. ಹೆಡ್‌ಮಾಸ್ಟರಿಗೆ ಏನು ಹೇಳಬೇಕು ಅಂತ ತೋಚಲಿಲ್ಲ.

ಮರುದಿನ ಎಸ್‌ಡಿಎಂಸಿಯ (ಶಾಲೆಯ ಉಸ್ತುವಾರಿ ನೋಡೋ ಪಾಲಕರ ಸಮಿತಿ) ಒಬ್ಬರು ಬಂದರು. "ಹೊಲ ಕೆರೆ ಅಂತ ತಿರುಗೋದನ್ನ ನಮ್ಮ ಮಕ್ಕಳು ಮನೆಯಲ್ಲೇ ಕಲ್ತಿದಾವೆ ಮೇಡಂ. ಅದಕ್ಕೆ ಸ್ಕೂಲಿಗೆ ಯಾಕೆ ಕಳಿಸಬೇಕು?" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕಂದರೆ ಈಗಲೂ ಪೂರ್ತಿ ಹೊಳೆದಿಲ್ಲ.

ಹೆಡ್‌ಮಾಸ್ಟರ್ ಒಳ್ಳೆಯವರೇ. "ಮಾಡಿ, ಬೇಡ ಅನ್ನಲ್ಲ. ಆದರೆ ವರ್ಷದ ಯೋಜನೆ ಬರೆದು ಕೊಡಿ. ಲಾಭ ಏನಾಯ್ತು ಅಂತ ನಾಲ್ಕು ಜನಕ್ಕೆ ತೋರಿಸೋ ಹಾಗಿರಬೇಕು" ಅಂದಿದ್ದಾರೆ. ಯೋಜನೆ ಹೇಗಾದರೂ ಬರೆಯಬಹುದು. ಆದರೆ ಲಾಭ ತೋರಿಸೋದು ಹೇಗೆ? ಫೋಟೋ ಅಂಟಿಸಿದರೆ ಸಾಲದು ಅಂತ ನನಗೂ ಗೊತ್ತು.

ಇಬ್ಬರ ಅಪ್ಪ (ಬೆಂಗಳೂರು)

ನಾನು ಮೇಷ್ಟ್ರಲ್ಲ, ಫೀಸು ಕಟ್ಟೋನು. ನಿಮ್ಮ ಎಸ್‌ಡಿಎಂಸಿಯವರ ಪ್ರಶ್ನೆ ನನಗಂತೂ ಸರಿ ಅನ್ನಿಸಿತು. ನನ್ನ ಮಗಳ ಖಾಸಗಿ ಶಾಲೆಯಲ್ಲಿ ಹೋದ ವರ್ಷ 'ಔಟ್‌ಡೋರ್ ಲರ್ನಿಂಗ್' ಅಂತ ಬೇರೆ ದುಡ್ಡು ಕಟ್ಟಿಸಿಕೊಂಡರು. ಮಕ್ಕಳನ್ನು ಒಂದು ರೆಸಾರ್ಟಿಗೆ ಕರೆದುಕೊಂಡು ಹೋದರು. ಸಂಜೆ ಮಗಳನ್ನು ಕೇಳಿದೆ, ಏನು ಕಲಿತೆ ಪುಟ್ಟಿ ಅಂತ. "ರೈನ್ ಡ್ಯಾನ್ಸ್ ಇತ್ತು ಅಪ್ಪ, ಆಮೇಲೆ ಗೋಬಿ ಮಂಚೂರಿ" ಅಂದಳು. ಆ ಶಾಲೆಯ ಫೇಸ್‌ಬುಕ್ ಪೇಜಲ್ಲಿ ಅದಕ್ಕೆ ಕೊಟ್ಟ ಹೆಸರು 'ಅನುಭವಾತ್ಮಕ ಕಲಿಕೆ'.

ಹೊರಗೆ ಹೋಗೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಒಳಗೆ ಕೂತು ಕಲಿಯೋಕೆ ಆಗದ್ದು ಹೊರಗೆ ಏನು ಕಲಿತರು ಅಂತ ಹೇಳಬೇಕು, ಅಷ್ಟೇ.

ರಿಟೈರ್ಡ್ ಮೇಷ್ಟ್ರು (ಹಾಸನ)

ಅಪ್ಪನವರು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಪ್ರವಾಸ ಬೇರೆ, ಹೊರಗಿನ ಪಾಠ ಬೇರೆ. ಪ್ರವಾಸ ಅಂದರೆ ವರ್ಷಕ್ಕೊಂದು ಸಲ ಬಸ್ಸು, ಬುತ್ತಿ, ಬೇಲೂರು ಹಳೇಬೀಡು. ಅದೂ ಬೇಕು. ಹೊರಗಿನ ಪಾಠಕ್ಕೆ ಬಸ್ಸು ಬೇಡ, ಕಾಲು ಸಾಕು. ಪಾಠ ಪುಸ್ತಕದ್ದೇ, ಜಾಗ ಮಾತ್ರ ಬೇರೆ. ಇವೆರಡನ್ನೂ ಒಂದೇ ಕಡತದಲ್ಲಿ ಇಟ್ಟರೆ ನೀವು ಸೋತಿರಿ ಅಂತಲೇ ಲೆಕ್ಕ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಪ್ರವಾಸದ ನಿಯಮ ತೆಗೆದು ನಿಮ್ಮ ಮುಂದೆ ಇಡುತ್ತಾರೆ.

ಇದೇನು ಹೊಸದಾಗಿ ಬಂದ ಫ್ಯಾಷನ್ ಅಲ್ಲ ಮೇಡಂ. 1901ರಲ್ಲೇ ಠಾಕೂರರು ಶಾಂತಿನಿಕೇತನದಲ್ಲಿ ಮರದ ಕೆಳಗೆ ಕ್ಲಾಸು ಶುರು ಮಾಡಿದರು. ನಮ್ಮಲ್ಲೇ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದ್ದರು. ಅಷ್ಟು ಹಿಂದೆ ಯಾಕೆ, 2020ರ ಆಗಸ್ಟಿನಲ್ಲಿ ಏನಾಯ್ತು? ಕೊರೊನಾದಿಂದ ಶಾಲೆ ಮುಚ್ಚಿತ್ತು, ಸರ್ಕಾರ ವಿದ್ಯಾಗಮ ಶುರು ಮಾಡಿತು. ವಠಾರ ಶಾಲೆ ಅಂತಲೇ ಕರೆದರು. ಗುಡಿ ಜಗಲಿ, ಅರಳಿಕಟ್ಟೆ, ತೋಟದ ಮನೆ ಅಂಗಳದಲ್ಲಿ ನಾವೆಲ್ಲ ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ನಿಲ್ಲಿಸಿದರು, ಜನವರಿಯಲ್ಲಿ ಮತ್ತೆ ಶುರುವಾಯ್ತು. ಅದು ಕಷ್ಟಕ್ಕೆ ಮಾಡಿದ್ದು, ಇಷ್ಟಪಟ್ಟು ಅಲ್ಲ. ಆದರೆ ಹೊರಗೆ ಪಾಠ ಆಗುತ್ತೆ ಅಂತ ಇಲಾಖೆಯೇ ಒಪ್ಪಿಕೊಂಡ ಹಾಗಾಯಿತಲ್ಲ.

ಆಧಾರ ಬೇಕಾದರೆ ಇನ್ನೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿ ಮಕ್ಕಳಿಗೆ 10 ದಿನ ಬ್ಯಾಗಿಲ್ಲದ ದಿನ ಅಂದಿತ್ತು. ಅದರ ಮಾರ್ಗಸೂಚಿಯನ್ನು ಎನ್‌ಸಿಇಆರ್‌ಟಿ 2024ರಲ್ಲಿ ಹೊರಡಿಸಿತು. ನಮ್ಮ ರಾಜ್ಯದಲ್ಲಿ ಮೂರನೇ ಶನಿವಾರ ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆ. ಮೊದಲು ಅದನ್ನೇ ಹಿಡಿದುಕೊಳ್ಳಿ. ಯಾರೂ ಕೇಳಲ್ಲ.

ಇನ್ನು ಆ ಸಿಆರ್‌ಪಿ ವಿಷಯ. ಚಲನವಲನ ವಹಿಯಲ್ಲಿ ಬರೆದು ಹೋಗಿದ್ದಿರಾ? ಇಲ್ಲ ಅಂತ ಕಾಣುತ್ತೆ. ಎಷ್ಟು ಗಂಟೆಗೆ, ಎಷ್ಟು ಮಕ್ಕಳು, ಯಾವ ಪಾಠ, ಎಲ್ಲಿ, ವಾಪಸ್ ಎಷ್ಟಕ್ಕೆ. ಇಷ್ಟು ವಹಿಯಲ್ಲಿ ಒಂದು ಸಾಲು. ಅದನ್ನೇ ಕ್ಲಾಸಿನ ಬೋರ್ಡ್ ಮೇಲೂ ದೊಡ್ಡದಾಗಿ ಬರೆದಿಡಿ. ಖಾಲಿ ರೂಮಿನ ಬೋರ್ಡಲ್ಲಿ "7ನೇ ತರಗತಿ, ಕೆರೆ ಏರಿ, ಅನುಪಾತ, 10ರಿಂದ 11" ಅಂತ ಇದ್ದಿದ್ದರೆ ಸಿಆರ್‌ಪಿ ನೇರ ಏರಿಗೇ ಬರುತ್ತಿದ್ದರು.

ಅಡಿಕೆ ತೋಟ (ಶಿವಮೊಗ್ಗ ಜಿಲ್ಲೆ)

ಅಕ್ಕ, ನಾನೂ ಟೀಚರೇ. ಯೋಜನೆಯಲ್ಲಿ ಮೊದಲ ಪುಟ ಸುರಕ್ಷತೆಗೆ ಇಡಿ. ಲಾಭ ಎರಡನೇ ಪುಟದಲ್ಲಿ ಬರಲಿ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಅದಾದ ಮೇಲೆ ಯಾವ ತಂದೆತಾಯಿಗೂ 'ನೀರಿನ ಹತ್ತಿರ' ಅಂದರೆ ಎದೆ ಧಸಕ್ ಅನ್ನುತ್ತೆ. ಅದು ತಪ್ಪೂ ಅಲ್ಲ. ನಿಮ್ಮದು ಕೆರೆ. ಯಾರು ಎಲ್ಲಿ ನಿಲ್ಲಬೇಕು, ಯಾವ ಕಲ್ಲಿನಿಂದ ಆಚೆ ಹೋಗಬಾರದು ಅಂತ ಸುಣ್ಣದ ಗೆರೆ ಎಳೆದುಬಿಡಿ. ಇಬ್ಬರು ದೊಡ್ಡವರಿಲ್ಲದೆ ಹೊರಡಲೇಬೇಡಿ. ಒಬ್ಬರಿಗೆ ಪಾಠದ ಕಡೆ ಗಮನ, ಇನ್ನೊಬ್ಬರಿಗೆ ಮಕ್ಕಳ ತಲೆ ಎಣಿಸೋ ಕೆಲಸ ಮಾತ್ರ.

ಎಲ್ಲಾ ಊರಿಗೂ ಒಂದೇ ಪಟ್ಟಿ ನಡೆಯಲ್ಲ. ನಮ್ಮ ಕಡೆ ಚಳಿಗಾಲ ಮುಗಿಯುತ್ತಾ ಬಂದರೆ ಮಂಗನ ಕಾಯಿಲೆ ಭಯ. 1957ರಲ್ಲಿ ಮೊದಲು ಕಂಡಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಹರಡೋದು ಉಣ್ಣೆ ಹುಳದಿಂದ. ಆ ತಿಂಗಳುಗಳಲ್ಲಿ ನಾವು ಕಾಡಂಚಿಗೆ ಮಕ್ಕಳನ್ನು ಬಿಡೋದೇ ಇಲ್ಲ. ಶಾಲೆ ಅಂಗಳ, ಗದ್ದೆ ಬದು, ಅಷ್ಟೇ. ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಇದೆ, ಮೈಗೆ ಹಚ್ಚಿಕೊಂಡರೆ ಉಣ್ಣೆ ಹತ್ತಲ್ಲ, ಆದರೂ ಬೇಡ. ಮಳೆಗಾಲದಲ್ಲಿ ಇಂಬಳ. ಅದರಿಂದ ಅಪಾಯ ಏನಿಲ್ಲ, ಒಂದು ಚಿಟಿಕೆ ಉಪ್ಪು ಸಾಕು. ಆದರೆ ಪೇಟೆಯಿಂದ ಬಂದ ಟೀಚರ್ ಒಬ್ಬರು ಕಿರುಚಿದ್ದು ಇಡೀ ಊರಿಗೇ ಕೇಳಿತ್ತು.

ನಿಮ್ಮ ಬಯಲುಸೀಮೆಯಲ್ಲಿ ಮುಖ್ಯ ಹೆಜ್ಜೇನು. ಹೋಗೋ ಹಿಂದಿನ ದಿನ ನೀವೇ ಒಂದು ಸುತ್ತು ಹಾಕಿ, ಪ್ರತಿ ಮರವನ್ನೂ ತಲೆಯೆತ್ತಿ ನೋಡಿ. ಜೇನುಗೂಡು ಕಂಡರೆ ಆ ಮರ ಬಿಡಿ. ಕಲ್ಲು ಎಸೆಯಬಾರದು, ಸೆಂಟು ಹಾಕಿಕೊಂಡು ಬರಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ಕಡಿತಕ್ಕೆ ಔಷಧಿ ಇದೆ ಅಂತ ವಿಚಾರಿಸಿ ಅದನ್ನೂ ಬರೆದಿಡಿ. ಇಷ್ಟೂ ಒಂದು ಹಾಳೆಯಲ್ಲಿ ಬರೆದು ಎಸ್‌ಡಿಎಂಸಿ ಸಭೆಯಲ್ಲಿ ಗಟ್ಟಿಯಾಗಿ ಓದಿ. ನಮ್ಮಲ್ಲಿ ಅರ್ಧ ವಿರೋಧ ಅಲ್ಲಿಗೇ ತಣ್ಣಗಾಯಿತು.

ಬಿಸಿಲೂರು (ಕಲಬುರಗಿ)

ಎಲ್ಲಾ ಖರೆ ಅದರಿ. ಆದರ ಬಿಸಿಲಿಂದು ಯಾರೂ ಹೇಳಲೇ ಇಲ್ಲ. ನಮ್ಮ ಕಡೆ ಮಾರ್ಚ್ ಬಂತಂದ್ರ ಹತ್ತು ಗಂಟೆಗೇ ನೆಲ ಕಾದ ಹಂಚು. ನಾನು ಹೊರಗಿನ ಪಾಠ ಏನಿದ್ದರೂ ಜೂನ್‌ನಿಂದ ಜನವರಿ ಒಳಗೇ ಮುಗಿಸುತ್ತೇನೆ. ಅದೂ ಬೆಳಿಗ್ಗೆ ಮೊದಲ ಅವಧಿ. ಹಾಜರಿ, ಪ್ರಾರ್ಥನೆ ಆದ ಕೂಡಲೇ ಹೊರಡೋದು.

ಇನ್ನೊಂದು. ಒಂದು ಗಂಟೆಗಿಂತ ಜಾಸ್ತಿ ಹೊರಗಿದ್ದರೆ ಹೆಣ್ಣುಮಕ್ಕಳು ಶೌಚಾಲಯಕ್ಕೆ ಎಲ್ಲಿ ಹೋಗಬೇಕು ಅಂತ ಮೊದಲೇ ಯೋಚಿಸಿ. ಕೇಳೋಕೆ ಅವರಿಗೆ ನಾಚಿಕೆ. ಹಿಂದಿನ ದಿನದಿಂದ ನೀರೇ ಕುಡಿಯದೆ ಬರುತ್ತಾರೆ. ನನಗೆ ಇದು ಎರಡು ವರ್ಷ ಗೊತ್ತೇ ಆಗಿರಲಿಲ್ಲ. ಒಬ್ಬ ಹುಡುಗಿ ತಲೆಸುತ್ತಿ ಬಿದ್ದ ಮೇಲೆ ಅವಳ ಅವ್ವ ಬಂದು ಹೇಳಿದರು. ಇನ್ನೂ ಒಬ್ಬ ಹುಡುಗನಿಗೆ ಕಾಲಿನ ತೊಂದರೆ ಇದೆ, ಗಾಲಿ ಕುರ್ಚಿ. ಅವನು ಹೋಗೋಕೆ ಆಗದ ಜಾಗಕ್ಕೆ ನಾವು ಯಾರೂ ಹೋಗಲ್ಲ ಅಂತ ಮಾಡಿಕೊಂಡೆವು. ಹಾಗಾಗಿ ಗುಡ್ಡ ಬಿಟ್ಟು ಊರ ಬಾವಿ ಹಿಡಿದೆವು. ಆ ಬಾವಿಯೇ ಈಗ ನಮ್ಮ ಪ್ರಯೋಗಾಲಯ ಆಗೇದ.

ಗೀಜಗ (ಮೈಸೂರು)

ನಾನು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹಕ್ಕಿ, ಮರ ತೋರಿಸೋ ಕೆಲಸ ಮಾಡುತ್ತೇನೆ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಲ್ಲೂ ಮಕ್ಕಳ ಜೊತೆ ಕಾಡಿಗೆ ಹೋಗಿದ್ದೇನೆ. ಅದು ಚೆನ್ನಾಗಿದೆ. ಕಾಡೇ ನೋಡದ ಮಕ್ಕಳಿಗೆ ಕಾಡು ಕಾಣುತ್ತೆ. ಆದರೆ ಒಂದು ಸಲ ನೋಡಿದರೆ ಬೆರಗು ಹುಟ್ಟುತ್ತೆ, ಹತ್ತು ಸಲ ನೋಡಿದರೆ ಪ್ರಶ್ನೆ ಹುಟ್ಟುತ್ತೆ. ಅದಕ್ಕೇ ನಿಮ್ಮ ಕೆರೆ ಏರಿ ನಾಗರಹೊಳೆಗಿಂತ ಒಳ್ಳೆಯದು ಅಂತ ನನ್ನ ವಾದ. ನಡೆದು ಹೋಗಬಹುದು, ಮತ್ತೆ ಮತ್ತೆ ಹೋಗಬಹುದು.

ಒಂದು ಉದಾಹರಣೆ. ಒಂದು ಶಾಲೆ ಪಕ್ಕದ ಬಾವಿ ಮೇಲೆ ಈಚಲು ಮರ ಬಾಗಿತ್ತು. ಮಳೆಗಾಲದಲ್ಲಿ ಗೀಜಗಗಳು ಗೂಡು ಕಟ್ಟೋಕೆ ಶುರು ಮಾಡಿದವು. ಮೊದಲ ವಾರ ಮಕ್ಕಳು "ಐದು ಗೂಡು" ಅಂತ ಬರೆದುಕೊಂಡರು. ಎರಡನೇ ವಾರ "ಏಳು, ಆದರೆ ಎರಡು ಅರ್ಧ". ಮೂರನೇ ವಾರ ಒಬ್ಬ ಕೇಳಿದ, ಈ ಅರ್ಧ ಗೂಡು ಯಾಕೆ ಪೂರ್ತಿ ಆಗ್ತಿಲ್ಲ ಸಾರ್? ಕಟ್ಟೋನು ಗಂಡು, ಒಪ್ಪೋಳು ಹೆಣ್ಣು, ಒಪ್ಪದಿದ್ದರೆ ಗಂಡು ಅದನ್ನು ಅಲ್ಲಿಗೇ ಬಿಡುತ್ತಾನೆ ಅಂತ ನಾನು ಮೊದಲ ದಿನವೇ ಹೇಳಬಹುದಿತ್ತು. ಹೇಳಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ. ಮೂರು ವಾರ ಬಾಯಿ ಮುಚ್ಚಿಕೊಂಡಿರೋದೇ ನನಗೆ ಕಷ್ಟವಾಗಿದ್ದು.

ಸೀಸನ್‌ವಾಚ್ ನೋಡಿ. ಒಂದು ಮರ ಆರಿಸಿಕೊಂಡು ಚಿಗುರು, ಹೂ, ಕಾಯಿ ಯಾವಾಗ ಬಂತು ಅಂತ ವಾರ ವಾರ ಬರೆಯೋ ದೇಶಮಟ್ಟದ ಕೆಲಸ. 2010ರ ಸುಮಾರಿಗೆ ಶುರುವಾಗಿದ್ದು. ಕೇರಳದ ಶಾಲೆಗಳು ಅದರಲ್ಲಿ ತುಂಬಾ ಮುಂದಿವೆ, ನಾವು ಹಿಂದೆ. ನಿಮ್ಮ ಹೊಂಗೆ ಸಾಲಿಗೆ ಹೇಳಿ ಮಾಡಿಸಿದ ಹಾಗಿದೆ. ಅರ್ಲಿ ಬರ್ಡ್‌ನವರ ಹಕ್ಕಿ ಕೈಪಿಡಿ ಕನ್ನಡದಲ್ಲೂ ಸಿಗುತ್ತೆ. ಒಂದು ಕಿವಿಮಾತು: ಹೆಸರು ಕಲಿಸೋದನ್ನೇ ಪಾಠ ಅಂದುಕೊಳ್ಳಬೇಡಿ. ಪಿಕಳಾರ, ಮಿಂಚುಳ್ಳಿ, ಬೆಳ್ಳಕ್ಕಿ ಅಂತ 20 ಹೆಸರು ಬಾಯಿಪಾಠ ಮಾಡಿಸಿದರೆ ಅದೂ ಮಗ್ಗಿಯೇ ಆಗುತ್ತೆ.

ಪ್ಲಿಮತ್ ಕನ್ನಡಿಗ (ಇಂಗ್ಲೆಂಡ್)

ಈ ಚರ್ಚೆ ನೋಡಿ ಬರೆಯಬೇಕು ಅನ್ನಿಸಿತು. ನಾನಿರೋ ಊರಿನ ವಿಶ್ವವಿದ್ಯಾಲಯ ಇದೇ ಪ್ರಶ್ನೆ ಇಟ್ಟುಕೊಂಡು ನಾಲ್ಕು ವರ್ಷ ಕೆಲಸ ಮಾಡಿತ್ತು. ಹೆಸರು ನ್ಯಾಚುರಲ್ ಕನೆಕ್ಷನ್ಸ್, 2012ರಿಂದ 2016. ಇಂಗ್ಲೆಂಡಿನ ನೈಋತ್ಯ ಭಾಗದ 125 ಶಾಲೆಗಳು. ದೂರದ ಕಾಡಿಗೆ ಬಸ್ಸು ಹತ್ತಿಸೋದಲ್ಲ, ಶಾಲೆ ಅಂಗಳ ಮತ್ತು ಹತ್ತಿರದ ಹಸಿರು ಜಾಗದಲ್ಲೇ ದಿನದ ಪಾಠ ಮಾಡೋದು. 92% ಶಾಲೆಗಳು ಮಕ್ಕಳ ಆರೋಗ್ಯ, ಪಾಠದ ಮೇಲಿನ ಮನಸ್ಸು ಎರಡೂ ಸುಧಾರಿಸಿತು ಅಂದವು. 85% ಶಾಲೆಗಳು ನಡವಳಿಕೆ ಸುಧಾರಿಸಿತು ಅಂದವು.

ನನಗೆ ಈ ಅಂಕಿಗಿಂತ ಹಿಡಿಸಿದ್ದು ಅವರು ಹರಡಿದ ರೀತಿ. ಚೆನ್ನಾಗಿ ಮಾಡೋ ಒಂದು ಶಾಲೆಯನ್ನು ಹಿಡಿದು, ಅದು ಸುತ್ತಲಿನ ನಾಲ್ಕಾರು ಶಾಲೆಗಳ ಕೈ ಹಿಡಿಯೋ ಹಾಗೆ ಮಾಡಿದರು. ನಿಮ್ಮ ಕ್ಲಸ್ಟರ್, ಸಿಆರ್‌ಪಿ ವ್ಯವಸ್ಥೆ ಅದೇ ತಾನೇ? ಆ ಸಿಆರ್‌ಪಿಯನ್ನು ಎದುರು ಹಾಕಿಕೊಳ್ಳಬೇಡಿ. ಮುಂದಿನ ಸಲ ಕರೆದೇ ಕರೆದುಕೊಂಡು ಹೋಗಿ.

ಹಾಂ, ಇಲ್ಲಿ ಮಳೆಯಲ್ಲೂ ಮಕ್ಕಳನ್ನು ಹೊರಗೆ ಬಿಡುತ್ತಾರೆ. ನಮ್ಮ ಅಮ್ಮ ಬಂದಿದ್ದಾಗ ಮೊಮ್ಮಗನ ಕೆಸರು ಬೂಟು ನೋಡಿ ಎರಡು ದಿನ ಶಾಲೆಯವರನ್ನು ಬೈದರು.

ಇಬ್ಬರ ಅಪ್ಪ

ಸರ್, ಒಂದು ನಿಮಿಷ. "ಶಾಲೆಗಳು ಅಂದವು" ಅಂದರೆ ಏನರ್ಥ? ಮಾಡಿದವರನ್ನೇ ಕೇಳಿದರೆ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಆ ರೆಸಾರ್ಟ್ ಶಾಲೆಯವರೂ ಕೊನೆಗೆ ಫೀಡ್‌ಬ್ಯಾಕ್ ಫಾರಂ ಕೊಟ್ಟಿದ್ದರು. ಎಲ್ಲಾ ಮಕ್ಕಳೂ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದಾರೆ. ಗೋಬಿ ಮಂಚೂರಿಗೆ ನಾನೂ ಕೊಡುತ್ತಿದ್ದೆ.

ಪ್ಲಿಮತ್ ಕನ್ನಡಿಗ

ಒಪ್ಪಿದೆ. ಅದು ಅಭಿಪ್ರಾಯ, ಅಳತೆ ಅಲ್ಲ.

ಗೀಟು ಲೆಕ್ಕ (ಧಾರವಾಡ)

ಹಂಗಾದರೆ ಅಳತೆ ಮಾಡಿದ್ದನ್ನ ಹೇಳುತ್ತೇನೆ. ಶಿಕ್ಷಣದ ಸಂಶೋಧನೆಗಳನ್ನು ಓದೋದು ನನ್ನ ಕೆಲಸ. ಎರಡೇ ಉದಾಹರಣೆ ಕೊಡುತ್ತೇನೆ, ಎರಡೂ ಗಟ್ಟಿ.

ಒಂದು, ಚೀನಾದ ಗುವಾಂಗ್‌ಝೌ. 12 ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷ ಹೊರಗಿನ ಅವಧಿ ಹೆಚ್ಚಿಗೆ. ಇನ್ನೊಂದು ಪಾಲು ಎಂದಿನಂತೆ. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಹೊರಗೆ ಬಿಟ್ಟ ಕಡೆ 30.4%, ಬಿಡದ ಕಡೆ 39.5%. 2015ರಲ್ಲಿ ಪ್ರಕಟವಾಯಿತು. ಇಲ್ಲಿ ಯಾರ ಅಭಿಪ್ರಾಯವನ್ನೂ ಕೇಳಿಲ್ಲ, ಕಣ್ಣು ಪರೀಕ್ಷೆ ಮಾಡಿದ್ದಾರೆ. ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಇದೊಂದು ಸಾಕು.

ಎರಡನೆಯದು ಮೇಡಂ ಅವರಿಗೆ. ಅಮೆರಿಕದಲ್ಲಿ ಮೂರನೇ ಕ್ಲಾಸಿನ ಮೇಲೆ ಮಾಡಿದ್ದು, 2018ರದ್ದು. ಒಂದೇ ಟೀಚರ್, ಒಂದೇ ವಿಷಯ. ಒಂದು ಪಾಠ ಹೊರಗೆ ಹುಲ್ಲಿನ ಮೇಲೆ, ಅದಕ್ಕೆ ಜೋಡಿಯಾಗಿ ಇನ್ನೊಂದು ಒಳಗೆ. ಹತ್ತು ವಾರ. ಆಮೇಲೆ ಎರಡೂ ದಿನ ಮುಂದಿನ ಪಾಠ ಒಳಗೇ. ಆ ಮುಂದಿನ ಪಾಠದಲ್ಲಿ ಟೀಚರ್ ಎಷ್ಟು ಸಲ ಪಾಠ ನಿಲ್ಲಿಸಿ "ಏ, ಇಲ್ಲಿ ನೋಡು", "ಸುಮ್ನೆ ಕೂತ್ಕೋ" ಅನ್ನಬೇಕಾಯಿತು ಅಂತ ಎಣಿಸಿದರು. ಅಷ್ಟೇ. ಹೊರಗೆ ಪಾಠ ಆದ ದಿನ ಆ ಎಣಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಕ್ಲಾಸಿನ ಫೋಟೋಗಳನ್ನು, ಯಾವುದು ಯಾವ ದಿನದ್ದು ಅಂತ ಗೊತ್ತಿಲ್ಲದವರ ಕೈಗೆ ಕೊಟ್ಟು ಅಂಕ ಹಾಕಿಸಿದರು. ಅಲ್ಲೂ ವ್ಯತ್ಯಾಸ ಕಂಡಿತು.

ಇದಕ್ಕೆ ಬೇಕಾದ್ದು ಒಂದು ಹಾಳೆ, ಒಂದು ಪೆನ್ಸಿಲ್. ನೀವು ಗದರಿದಾಗೆಲ್ಲ ಒಂದು ಗೀಟು. ಆದರೆ ಗೀಟು ನೀವು ಹಾಕಬೇಡಿ. ಹೊರಗಿನ ಪಾಠ ಗೆಲ್ಲಬೇಕು ಅಂತ ನಿಮಗೆ ಆಸೆ ಇದೆ. ಆ ಆಸೆ ಇಲ್ಲದ ಸಹೋದ್ಯೋಗಿ ಒಬ್ಬರು ಹಿಂದೆ ಕೂತು ಹಾಕಲಿ. ವಾರವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ: ಈ ಬುಧವಾರ ಹೊರಗೆ, ಮುಂದಿನ ಬುಧವಾರ ಒಳಗೆ. ಚೆನ್ನಾಗಿರೋ ದಿನವನ್ನೇ ಹೊರಗೆ ಹೋಗೋಕೆ ಆರಿಸಿಕೊಂಡರೆ ಲೆಕ್ಕ ಕೆಟ್ಟಿತು.

ಇನ್ನೊಂದು ಮಾತು. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಆಗುತ್ತೆ ಅಂತ ಯಾರಿಗೂ ಮಾತು ಕೊಡಬೇಡಿ. ಆಗಬಹುದು, ಆಗದೇ ಇರಬಹುದು. ಕೊಟ್ಟರೆ ನಾಳೆ ಅದೊಂದರಿಂದಲೇ ನಿಮ್ಮನ್ನು ಅಳೆಯುತ್ತಾರೆ.

ಹೊಂಗೆ ನೆರಳು

ಗೀಟಿನ ಉಪಾಯ ಹಿಡಿಸಿತು. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲ. ಅವರನ್ನೇ ಕೂರಿಸುತ್ತೇನೆ. ಬರೆದು ಕೊಟ್ಟ ಯೋಜನೆ ಒಂದೂವರೆ ಪುಟ. ಮೊದಲ ಪುಟ ಸುರಕ್ಷತೆ. ಪಾಠಗಳನ್ನು ಪುಸ್ತಕದಿಂದಲೇ ಆರಿಸಿದ್ದೇನೆ, ಹೊಸದೇನೂ ಸೇರಿಸಿಲ್ಲ. ನೋಡೋಣ.

ರಿಟೈರ್ಡ್ ಮೇಷ್ಟ್ರು

ಆಗಸ್ಟ್ 18ರ ಸುಮಾರು ಬೆಂಗಳೂರಿನ ಕಡೆ ಶೂನ್ಯ ನೆರಳಿನ ದಿನ ಬರುತ್ತೆ. ನೆತ್ತಿ ಮೇಲೆ ಸೂರ್ಯ, ನೆಟ್ಟ ಕೋಲಿಗೆ ನೆರಳೇ ಇರಲ್ಲ. ಏಪ್ರಿಲ್ 24ರ ಸುಮಾರಿಗೂ ಬರುತ್ತೆ, ಆದರೆ ಆಗ ಬೇಸಿಗೆ ರಜೆ. ನಿಮಗೂ ಒಂದು ದಿನ ಹೆಚ್ಚು ಕಡಿಮೆ ಅದೇ. ನೆರಳಿನ ಪಾಠವನ್ನು ಅದರ ಹಿಂದೆ ಮುಂದೆ ಇಟ್ಟುಕೊಳ್ಳಿ.

ಹೊಂಗೆ ನೆರಳು – ಸೆಪ್ಟೆಂಬರ್ ಕೊನೆ

ಎರಡೂವರೆ ತಿಂಗಳಾಯಿತು. ಹೇಳುತ್ತೇನೆ ಅಂದಿದ್ದೆ, ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ನೆರಳಿನ ಪಾಠ. ಏಳನೇ ಕ್ಲಾಸಿಗೆ ಅನುಪಾತ ಇತ್ತು. ಆರನೇ ಕ್ಲಾಸಿನವರೂ ಬಂದರು. 31 ಮಕ್ಕಳು, ಎಂಟು ಗುಂಪು, ಗುಂಪಿಗೊಂದು ಮೀಟರ್ ಕೋಲು, ಸೆಣಬಿನ ದಾರ. ಹತ್ತೂಕಾಲು ಗಂಟೆಗೆ ಕೋಲಿನ ನೆರಳು 60 ಸೆಂಟಿಮೀಟರ್ ಇತ್ತು. ಮೊದಲ ಮರದ ನೆರಳು 5 ಮೀಟರ್ 40. ಲೆಕ್ಕ ಹಾಕಿದರು, ಮರ 9 ಮೀಟರ್. ಉಳಿದ ಗುಂಪುಗಳದ್ದೂ ಎಂಟು, ಒಂಬತ್ತು ಅಂತ ಬಂತು. ಒಂದು ಗುಂಪಿನದ್ದು ಮಾತ್ರ 14! ಎಲ್ಲರೂ ನಕ್ಕರು. ನಾನೂ ಅಳತೆ ತಪ್ಪಿದೆ ಅಂದುಕೊಂಡು ಮತ್ತೆ ಅಳೆಯಿರಿ ಅಂದೆ. ಮತ್ತೆ ಅದೇ, ನೆರಳು 8 ಮೀಟರ್ 40.

ಆ ಗುಂಪಿನ ಒಬ್ಬ ಹುಡುಗಿ ಕ್ಲಾಸಿನಲ್ಲಿ ಬಾಯೇ ಬಿಡೋಳಲ್ಲ. ಅವಳು ದಾರ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಮೆತ್ತಗೆ, "ಮಿಸ್, ನಮ್ಮ ನೆರಳು ಜಾರಿದೆ" ಅಂದಳು. ಹೋಗಿ ನೋಡಿದೆ. ಅವರ ಮರ ಏರಿಯ ಅಂಚಿನಲ್ಲಿತ್ತು. ನೆರಳು ಇಳಿಜಾರಿನ ಮೇಲೆ ಬಿದ್ದು ಉದ್ದ ಆಗಿತ್ತು. ಮಟ್ಟಸ ನೆಲ ಇದ್ದರೆ ಮಾತ್ರ ಈ ಲೆಕ್ಕ ಸರಿ ಅಂತ ಪುಸ್ತಕದ ಚಿತ್ರದಲ್ಲಿ ಕಾಣಲ್ಲ. ಅಲ್ಲಿ ನೆಲ ಯಾವಾಗಲೂ ಒಂದು ಗೆರೆ. ಅಪ್ಪನವರು ಕೇಳಿದ್ದರಲ್ಲ, ಒಳಗೆ ಕಲಿಯೋಕೆ ಆಗದ್ದು ಏನು ಅಂತ. ನನಗೆ ಸಿಕ್ಕಿದ ಉತ್ತರ ಇದು.

ಶೂನ್ಯ ನೆರಳಿನ ದಿನ ಮೋಡ. ಮಧ್ಯಾಹ್ನ 12:25ರ ಹೊತ್ತಿಗೆ ಎಲ್ಲರೂ ಕೋಲು ನೆಟ್ಟುಕೊಂಡು ಮೇಲೆ ನೋಡುತ್ತಾ ನಿಂತಿದ್ದೆವು. ಬಿಸಿಯೂಟದ ಅಮ್ಮ ಬಂದು ಅನ್ನ ಆರಿಹೋಗುತ್ತೆ ಅಂತ ಬೈದರು. ಒಂದು ಸಲ ಬಿಸಿಲು ಇಣುಕಿತು. ಕೋಲಿನ ಬುಡದಲ್ಲಿ ಮಾತ್ರ ಒಂಚೂರು ಕಪ್ಪು. ಕೂಗಾಟವೋ ಕೂಗಾಟ. ಮತ್ತೆ ಮೋಡ.

ಈಗ ಗೀಟು. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಭಾರೀ ಶಿಸ್ತಿನಿಂದ ಹಾಕಿದರು. ಹೊರಗಿನ ಪಾಠ ಇಲ್ಲದ ಬುಧವಾರಗಳಲ್ಲಿ 13, 15, 12. ಇದ್ದ ಬುಧವಾರಗಳಲ್ಲಿ 8, 9, 17, 7. ಆ 17 ನೋಡಿ ಮೇಷ್ಟ್ರು ಗೆದ್ದ ಹಾಗೆ ನಕ್ಕರು. ಅದು ಹೋಬಳಿ ಮಟ್ಟದ ಕ್ರೀಡಾಕೂಟದ ಹಿಂದಿನ ದಿನ, ಮಕ್ಕಳ ತಲೆಯೆಲ್ಲಾ ಕಬಡ್ಡಿಯಲ್ಲಿತ್ತು. ಆ ದಿನ ಬಿಟ್ಟುಬಿಡೋಣ ಅಂದೆ. "ಬಿಡೋ ಹಾಗಿಲ್ಲ" ಅಂದರು. ಬಿಟ್ಟಿಲ್ಲ, ವರದಿಯಲ್ಲಿ 17 ಹಾಗೇ ಇದೆ.

ಮೊನ್ನೆ ಏನೂ ಮುನ್ಸೂಚನೆ ಕೊಡದೆ ಧ್ವಜಸ್ತಂಭದ ಎತ್ತರ ಹೇಳಿ ಅಂದೆ. ಎಂಟರಲ್ಲಿ ಆರು ಗುಂಪು ತಾವೇ ಕೋಲು ತಂದು ಅಳೆದವು. ಎರಡು ಗುಂಪು ಮೊದಲು ನೆಲ ಮಟ್ಟಸ ಇದೆಯಾ ಅಂತ ನೋಡಿದವು. ಆದರೆ ಪರೀಕ್ಷೆಯ ಅನುಪಾತದ ಲೆಕ್ಕದಲ್ಲಿ ಹೇಳಿಕೊಳ್ಳೋವಂಥ ವ್ಯತ್ಯಾಸ ಇಲ್ಲ. ಬರೆಯೋದರಲ್ಲಿ ಎಡವೋರು ಅಲ್ಲೂ ಎಡವಿದರು. ಅದನ್ನೂ ವರದಿಯಲ್ಲಿ ಬರೆದೆ. ಅಂಕದ ಬಗ್ಗೆ ಮಾತು ಕೊಡಬೇಡಿ ಅಂದಿದ್ದು ಒಳ್ಳೆಯದಾಯಿತು ಸರ್.

ಗೀಟು ಲೆಕ್ಕ

17 ಬಿಡದೇ ಇದ್ದಿದ್ದಕ್ಕೆ ಆ ಮೇಷ್ಟ್ರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಏಳು ದಿನದ ಲೆಕ್ಕ ತುಂಬಾ ಚಿಕ್ಕದು, ಇದರಿಂದ ಏನೂ ಸಾಬೀತಾಗಲ್ಲ. ಆದರೆ ಹೆಡ್‌ಮಾಸ್ಟರ್ ಮುಂದೆ ಇಡೋಕೆ ಧಾರಾಳ ಸಾಕು. ವರ್ಷಪೂರ್ತಿ ಮಾಡಿ.

ಇಬ್ಬರ ಅಪ್ಪ

'ನೆರಳು ಜಾರಿದೆ'. ಇದನ್ನು ಮಗಳಿಗೆ ಓದಿ ಹೇಳಿದೆ. ಈಗ ನಮ್ಮ ಅಪಾರ್ಟ್‌ಮೆಂಟಿನ ಎತ್ತರ ಅಳೆಯಬೇಕಂತೆ. ಪಾರ್ಕಿಂಗ್‌ನಲ್ಲಿ ನೆರಳೇ ನೆಲಕ್ಕೆ ಬೀಳಲ್ಲ, ಎಲ್ಲಾ ಕಾರಿನ ಮೇಲೆ. ಇರಲಿ, ಎಸ್‌ಡಿಎಂಸಿಯವರು ಏನಂದರು? ನನಗೆ ಅದೇ ಕುತೂಹಲ.

ಹೊಂಗೆ ನೆರಳು

ಅವರಿಗೆ ವರದಿ ಕೊಡಲಿಲ್ಲ. ಮೂರನೇ ಶನಿವಾರ ಪಾಲಕರನ್ನೇ ಏರಿಗೆ ಕರೆದೆವು. ಸಿಆರ್‌ಪಿಯೂ ಬಂದರು. ಮಾತಾಡಿದ್ದು ಮಕ್ಕಳೇ. ಜುಲೈನಿಂದ ವಾರ ವಾರ, ನೀರಿನ ಮೇಲೆ ಸೋಪಾನದ ಎಷ್ಟು ಮೆಟ್ಟಿಲು ಕಾಣುತ್ತೆ ಅಂತ ಸುಣ್ಣದ ಗೆರೆ ಈಚೆಯಿಂದಲೇ ಎಣಿಸಿ ಬರೆದಿಟ್ಟಿದ್ದರು. ಒಬ್ಬ ಹುಡುಗ ಅದರ ಚಾರ್ಟ್ ತೋರಿಸಿ, ಜುಲೈನಲ್ಲಿ 11 ಮೆಟ್ಟಿಲು ಕಾಣುತ್ತಿತ್ತು, ಈಗ ನಾಲ್ಕೇ, ಇನ್ನೊಂದು ದೊಡ್ಡ ಮಳೆ ಬಂದರೆ ಕೋಡಿ ಬೀಳುತ್ತೆ ಅಂದ. ಹಿಂದೆ ನಿಂತಿದ್ದ, ಕೆರೆ ನೀರು ನೋಡಿಕೊಳ್ಳೋ ನೀರುಗಂಟಿ ತಾತ, "ಎರಡು ಮಳೆ ಬೇಕು ಮಗ. ಮೇಲಕ್ಕೆ ಹೋದ ಹಾಗೆ ಕೆರೆ ಅಗಲ ಆಗ್ತದೆ" ಅಂದರು. ಹುಡುಗ ಚಾರ್ಟ್ ನೋಡಿದ, ಕೆರೆ ನೋಡಿದ, ಪೆನ್ಸಿಲ್ ತೆಗೆದು ತಿದ್ದಿಕೊಂಡ.

ಆ ಎಸ್‌ಡಿಎಂಸಿಯವರು ಅಲ್ಲೀತನಕ ಸುಮ್ಮನೆ ನಿಂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, "ಮೇಡಂ, ಗುಂಟೆ ಲೆಕ್ಕ ಬರುತ್ತಾ ಈ ಮಕ್ಕಳಿಗೆ?" ಅಂದರು. 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ ಅಂತ ನಾಲ್ಕೈದು ಮಕ್ಕಳು ಒಟ್ಟಿಗೆ ಕೂಗಿದರು. ಮುಂದಿನ ಶನಿವಾರ ಎಲ್ಲರನ್ನೂ ಅವರ ಹೊಲಕ್ಕೆ ಕರೆದಿದ್ದಾರೆ. ದಾರ ಅವರೇ ತರುತ್ತಾರಂತೆ, ಕಡಲೆಕಾಯಿ ಬೇಯಿಸಿಡುತ್ತಾರಂತೆ. ಪಕ್ಕದವರು ಬದು ಸ್ವಲ್ಪ ಈಚೆ ಹಾಕಿದ್ದಾರೆ ಅಂತ ಅವರಿಗೆ ಅನುಮಾನ. ಪಹಣಿ ಜೊತೆ ತಾಳೆ ನೋಡಬೇಕಂತೆ.

ರಿಟೈರ್ಡ್ ಮೇಷ್ಟ್ರು

ಅಯ್ಯೋ ಬೇಡಿ ಮೇಡಂ! ಬದುವಿನ ಜಗಳಕ್ಕೆ ಮಕ್ಕಳನ್ನು ಸಾಕ್ಷಿ ಮಾಡಬೇಡಿ. ಸರ್ವೆಯವರು ಮಾಡಲಿ ಅದನ್ನ. ಕಡಲೆಕಾಯಿ ತಿನ್ನಿ, ಆದರೆ ಅಳೆಯೋದು ಶಾಲೆ ಆಟದ ಮೈದಾನ ಮಾತ್ರ. ಚಲನವಲನ ವಹಿಯಲ್ಲಿ ಬರೆಯೋದು ಮರೀಬೇಡಿ.